ಪೇಪರ್ ಇಲ್ಲದ ಗಾಡಿ

ಕಳೆದುಕೊಂಡವರು ಠಾಣೆಗೆ ಬರುತ್ತಾರೆ. ಕದ್ದವರನ್ನು ನಾವು ಕರೆತರುತ್ತೇವೆ. ತಮಗೇ ಮೋಸವಾಯಿತೆಂದು ತಾವಾಗಿ ನಡೆದು ಬರುವ ಕಳ್ಳರೂ ಇದ್ದಾರೆ. ದೊಡ್ಡಬಳ್ಳಾಪುರದ ಕಡೆ ನಾನು ಹೆಡ್ ಕಾನ್‌ಸ್ಟೇಬಲ್ ಆಗಿದ್ದಾಗ ಒಬ್ಬ ಹೀಗೆ ಮೂರು ಸಲ ಬಂದ. ವಯಸ್ಸು ಮೂವತ್ತೈದು ದಾಟಿತ್ತು. ಮದುವೆಯಾಗಬೇಕೆಂಬುದೊಂದೇ ಆಸೆ. ಕದ್ದದ್ದೆಲ್ಲ ಅದಕ್ಕೇ.

ಟಗರು

ಹೆಣ್ಣಿನ ಕಡೆಯವರಿಗೆ ತನ್ನದು ಕುರಿ ಸಾಕಣೆ ಎಂದು ಹೇಳಿದ್ದ. ಅವರು ಮನೆ ನೋಡಲು ಬರುವ ದಿನ ಬಂತು. ಮನೆಯಲ್ಲಿ ಒಂದು ಕುರಿಯೂ ಇರಲಿಲ್ಲ. ಬೆಳಕು ಹರಿಯುವ ಮೊದಲೇ ದೊಡ್ಡಬೆಳವಂಗಲದ ಹತ್ತಿರ ಒಂದು ಕೊಟ್ಟಿಗೆಯಿಂದ ಟಗರು ಬಿಚ್ಚಿಕೊಂಡು ಹೊರಟ. ದಾರಿಯಲ್ಲಿ ಒಬ್ಬ ಎದುರಾದ. ಇದು ನಮ್ಮ ಚಿಕ್ಕಪ್ಪನ ಟಗರು, ಊರವರೆಲ್ಲ ಹಿಂದೆ ಬರುತ್ತಿದ್ದಾರೆ ಎಂದ. ಇವನು ಹಗ್ಗ ಬಿಟ್ಟು ಓಡಿದ. ಅವನು ಹಗ್ಗ ಹಿಡಿದು ನಡೆದ. ಊರವರು ಇನ್ನೂ ಎದ್ದಿರಲಿಲ್ಲ. ಚಿಕ್ಕಪ್ಪ ಎಂಬವನೂ ಇರಲಿಲ್ಲ.

ಇವನು ಠಾಣೆಗೆ ಬಂದು ತನ್ನ ಟಗರು ಕಳುವಾಗಿದೆ ಎಂದ. ಬಣ್ಣ ಯಾವುದು ಎಂದೆ. ತಲೆ ಕೆರೆದುಕೊಂಡ.

"ಕತ್ತಲಲ್ಲಿ ಸರಿಯಾಗಿ ಕಾಣ್ಲಿಲ್ಲ ಸಾರ್."

ಒಳಗೆ ಕೂರಿಸಿದೆ. ಆ ಸಂಬಂಧ ತಪ್ಪಿತು.

ಮೋಟರು

ಹೊರಗೆ ಬಂದ ಮೇಲೆ ಇನ್ನೊಂದು ಹೆಣ್ಣು ಗೊತ್ತಾಯಿತು. ನೋಡಲು ಹೋಗಲು ಒಳ್ಳೆ ಬಟ್ಟೆ ಬೇಕು. ಒಂದು ತೋಟದಿಂದ ನೀರೆತ್ತುವ ಮೋಟರು ಹೊತ್ತು ಗುಜರಿ ಅಂಗಡಿಗೆ ತಂದ. ಗುಜರಿಯವನು ಕದ್ದ ಮಾಲನ್ನೇ ಕೊಳ್ಳುವವನು. ತಕ್ಕಡಿಯನ್ನೂ ಪಳಗಿಸಿದ್ದ. ಮೋಟರು ಅರ್ಧ ತೂಕಕ್ಕೆ ಇಳಿಯಿತು.

ಇವನು ಸೀದಾ ಠಾಣೆಗೆ ಬಂದ. ತೂಕ ತಪ್ಪೆಂದು ನಿನಗೆ ಹೇಗೆ ಗೊತ್ತು ಎಂದೆ.

"ಏನ್ ಸಾರ್, ಬೇಲಿ ಹಾರಿ ಎರಡು ಮೈಲಿ ಹೊತ್ತೋನು ನಾನು. ನಂಗೆ ಗೊತ್ತಾಗಲ್ವಾ?"

ಈ ಸಲ ಇಬ್ಬರನ್ನೂ ಕೂರಿಸಿದೆ.

ಗಾಡಿ

ಮೂರನೆಯ ಸಲ ಬೈಕಿನಲ್ಲಿ ಬಂದ.

"ಇದು ಕದ್ದಿದ್ದು ಸಾರ್. ಮಾಲೀಕನಿಗೆ ಕೊಟ್ಬಿಡಿ. ಕೇಸು ನನ್ನ ಮೇಲೆ ಹಾಕಿ. ಮಾವನ ಹೆಸರು ಮಾತ್ರ ಬರಬಾರ್ದು. ಹುಡುಗಿ ಒಪ್ಪಿದ್ದಾಳೆ."

ಯಾವ ಮಾವ ಎಂದೆ. ಬೆಂಚಿನ ಮೇಲೆ ಕೂತು ಹೇಳಿದ.

ದಾಬಸ್‌ಪೇಟೆಯ ಆಚೆ ಹೆಣ್ಣು ನೋಡಲು ಹೊರಟಿದ್ದನಂತೆ. ಬಸ್ಸಿನಲ್ಲಿ ಹೋದರೆ ಮರ್ಯಾದೆಯಿಲ್ಲ. ಮಾಕಳಿದುರ್ಗದ ಬುಡದಲ್ಲಿ ಬೆಟ್ಟ ಹತ್ತುವವರು ನಿಲ್ಲಿಸಿದ್ದ ಬೈಕು ಎತ್ತಿದ. ದಾಬಸ್‌ಪೇಟೆ ದಾಟುತ್ತಲೇ ಖಾಕಿ ಪ್ಯಾಂಟಿನವನೊಬ್ಬ ಕೈ ಅಡ್ಡ ಹಿಡಿದು ಪೇಪರ್ ಕೇಳಿದ. ಇವನ ಹತ್ತಿರ ಎಲ್ಲಿಂದ ಬರಬೇಕು? ನಾಳೆ ಠಾಣೆಗೆ ಬಂದು ಬಿಡಿಸಿಕೋ ಎಂದು ಅವನು ಬೈಕು ಹತ್ತಿ ಹೋದ.

ಇವನು ನಡೆದುಕೊಂಡೇ ಹೆಣ್ಣಿನ ಮನೆ ತಲುಪಿದ. ಅಂಗಳದಲ್ಲಿ ಅದೇ ಬೈಕು. ಜಗಲಿಯ ಮೇಲೆ ಹೆಣ್ಣಿನ ಅಪ್ಪ, ಅದೇ ಖಾಕಿ ಪ್ಯಾಂಟಿನಲ್ಲಿ. ಪೊಲೀಸೂ ಅಲ್ಲ, ಏನೂ ಅಲ್ಲ.

ಇಬ್ಬರೂ ಬಾಯಿ ಬಿಡುವಂತಿಲ್ಲ. ಉಪ್ಪಿಟ್ಟು ತಿಂದರು. ಹುಡುಗಿ ಬಂದಳು, ನೋಡಿದಳು, ಒಪ್ಪಿದಳು. ಹುಡುಗನಿಗೆ ಏನು ಕೊಡುತ್ತೀರಿ ಎಂದು ಹಿರಿಯರೊಬ್ಬರು ಕೇಳಿದರು. ಅಪ್ಪ ಅಂಗಳದ ಬೈಕಿನ ಕಡೆ ಕೈ ತೋರಿಸಿದ.

ಇವನಿಗೆ ತಡೆಯಲಾಗಲಿಲ್ಲ. ಪಕ್ಕಕ್ಕೆ ಬಾಗಿ ಮೆಲ್ಲಗೆ ಕೇಳಿದ.

"ಪೇಪರ್ ಇದ್ಯಾ ಮಾವ?"

ಮಾವ ತಾಂಬೂಲದ ತಟ್ಟೆ ಮುಂದೆ ಸರಿಸಿದ.

"ನಿಮ್ಮತ್ರ ಇತ್ತಾ ಅಳಿಯಂದ್ರೇ?"