ನಡುವಿನ ಕಟ್ಟ

ಮಧ್ಯಸ್ಥಿಕೆ ಎಂದರೇನೆಂದು ರಷ್ಯಾ ದೇಶಕ್ಕೇ ಕಲಿಸಬಲ್ಲ ಒಬ್ಬರು ನಮ್ಮೂರು ಮಂಡೆಕೋಲಿನಲ್ಲಿದ್ದರು. ಅವರು ನನ್ನ ಸೋದರಮಾವ. ರಷ್ಯಾದವರು ಕೇಳಲು ಬರಲಿಲ್ಲ. ಅದು ಅವರ ನಷ್ಟ!

ಆಗ ನಮ್ಮ ದೇಶವೂ ಪಾಕಿಸ್ತಾನವೂ ಯುದ್ಧ ಮಾಡಿ ಸುಸ್ತಾಗಿದ್ದವು. ಎರಡನ್ನೂ ರಷ್ಯಾ ಕರೆದು ಕೂರಿಸಿ ಮಾತಾಡಿಸುತ್ತಿದೆ ಎಂದು ಬ್ಯಾರಿಯವರ ಅಂಗಡಿಯ ರೇಡಿಯೋ ಹೇಳಿತು. ನಾನು ಬಿ.ಎ. ಮುಗಿಸಿ ಊರಿಗೆ ಬಂದಿದ್ದೆ. ನಮ್ಮ ಕುಟುಂಬದ ಮೊದಲ ಪದವೀಧರ. ಪುತ್ತೂರಿನಲ್ಲಿ ಕಂಡವರ ಕೊಟ್ಟಿಗೆ ಗುಡಿಸಿ ಓದಿದವನು. ಹಾಗಾಗಿ ಹೊರದೇಶದ ವಿಷಯ ಬಂದರೆ ಕೊನೆಯ ಮಾತು ನನ್ನದೇ ಆಗಬೇಕಲ್ಲ?

"ಇದರಲ್ಲಿ ರಷ್ಯಾಕ್ಕೆ ಎಂತ ಲಾಭ?" ಬ್ಯಾರಿಯವರು ಕೇಳಿದರು.

"ಶಾಂತಿ," ಎಂದೆ.

"ಅದು ಸರಿ ಮಾರಾಯ್ರೆ. ನಾನು ಕೇಳಿದ್ದು ಲಾಭ ಎಂತ ಅಂತ!"

ಅಂಗಡಿಯ ಬೆಂಚಿನಲ್ಲಿ ಕೂತಿದ್ದ ಮಾವನಿಗೆ ಇದ್ಯಾವುದೂ ಕೇಳಿಸಲಿಲ್ಲ. "ರಷ್ಯಾಕ್ಕೆ ಆಗುದಾದರೆ ನನಗೆ ಎಂತಕ್ಕೆ ಆಗುದಿಲ್ಲ?" ಎಂದು ಎದ್ದೇಬಿಟ್ಟರು.

ಅವರ ತೋಟದ ಮೇಲೊಂದು ಮನೆ, ಕೆಳಗೊಂದು ಮನೆ. ಮೂವರಿಗೂ ಒಂದೇ ತೋಡು, ಅಂದರೆ ಸಣ್ಣ ಹಳ್ಳ. ಮಳೆ ನಿಂತ ಮೇಲೆ ಕಲ್ಲು, ಮಣ್ಣು, ಸೊಪ್ಪು ಒಟ್ಟಿ ತೋಡಿಗೆ ಅಡ್ಡ ಕಟ್ಟ ಹಾಕಿದರಷ್ಟೇ ಬೇಸಗೆಯಲ್ಲಿ ತೋಟಕ್ಕೆ ನೀರು. ಮೇಲಿನವರು ಹಾಕಿದರೆ ಕೆಳಗಿನವರಿಗಿಲ್ಲ. ಕೆಳಗಿನವರು ಹೋಗಿ ಒಡೆದರೆ ಯಾರಿಗೂ ಇಲ್ಲ. ಆ ಎರಡು ಮನೆಯ ದನಗಳು ಕೂಡ ಒಂದನ್ನೊಂದು ಮೂಸುತ್ತಿರಲಿಲ್ಲ!

ಯಾರೂ ಕರೆಯದಿದ್ದರೂ ಮಾವ ಮಧ್ಯಸ್ಥರಾದರು. ಒಬ್ಬರ ಮನೆಯ ವೀಳ್ಯ ಹಾಕಿದವನು ಅವರ ಕಡೆಯವನು ಎಂಬುದು ಊರಿನ ಲೆಕ್ಕ. ಆದ್ದರಿಂದ ಸೊಂಟಕ್ಕೆ ಸ್ವಂತ ಎಲೆಯಡಿಕೆ ಚೀಲ ಸಿಕ್ಕಿಸಿಕೊಂಡರು. ಮಾತುಕತೆ ಅವರದೇ ಜಗಲಿಯಲ್ಲಿ. ಇದ್ದ ಎರಡು ಕುರ್ಚಿಗಳಲ್ಲಿ ಒಂದಕ್ಕೆ ಮಾತ್ರ ಕೈಗಳಿದ್ದವು. ಇಬ್ಬರೂ ಯಜಮಾನರು ಅದಕ್ಕೇ ಬಂದು ನಿಂತರು. ಮಾವ ಒಳಗಿಂದ ಗರಗಸ ತಂದು ಎರಡೂ ಕೈ ಕೊಯ್ದೇಬಿಟ್ಟರು!

"ಅಯ್ಯೋ, ನನ್ನ ತವರಿನ ಕುರ್ಚಿ!" ಅತ್ತೆ ಕಿರುಚಿದರು.

"ಈಗ ಅದು ಯಾರ ಕಡೆಯದ್ದೂ ಅಲ್ಲ," ಎಂದರು ಮಾವ.

ಆಮೇಲೆ ಅಪ್ಪಣೆ ಹೊರಟಿತು: "ತೀರ್ಮಾನ ಆಗುವವರೆಗೆ ನೀವಿಬ್ಬರೂ ಕಟ್ಟ ಹಾಕುದು ಬೇಡ. ನಡುವೆ ಒಂದೇ ಕಟ್ಟ."

ನಡುವೆ ಎಂದರೆ ಎಲ್ಲಿ? ಮಾವನ ತೋಟದ ಎದುರಿಗೆ! ನೀರು ಮೇಲಿನವರ ಕಡೆ ಹತ್ತಲಿಲ್ಲ, ಕೆಳಗಿನವರ ಕಡೆ ಇಳಿಯಲಿಲ್ಲ. ಮಾತುಕತೆ ನಡೆಯುತ್ತಲೇ ಇತ್ತು. ಮಾವನ ಎಳೆಯ ಅಡಿಕೆ ಸಸಿಗಳು ಚಿಗುರುತ್ತಲೇ ಇದ್ದವು. ಉಳಿದಿಬ್ಬರ ಮರಗಳ ಸೋಗೆ ಹಳದಿಗೆ ತಿರುಗಿತು. ಇನ್ನೂ ತಡವಾದರೆ ಎರಡು ಮನೆಗೂ ಫಸಲಿಲ್ಲ.

"ರಷ್ಯಾದ ಲಾಭ ಈಗ ಗೊತ್ತಾಯ್ತಾ, ಬಿ.ಎ.ಯವರೇ?" ಎಂದರು ಬ್ಯಾರಿಯವರು.

ನಾನು ಹೋಗಿ ಹೇಳಿದರೆ ಮಾವನ ಮುಖ ಸಣ್ಣದಾಯಿತು. "ನ್ಯಾಯವಾಗಿ ನಡುವೆಯೇ ಹಾಕಿದ್ದು ಮಾರಾಯ! ನನ್ನ ಜಾಗ ನಡುವೆ ಇರುದು ನನ್ನ ತಪ್ಪಾ?" ಕಪಟವಿರಲಿಲ್ಲ. ಅವರು ಅದನ್ನು ನಿಜವಾಗಿಯೂ ನಂಬಿದ್ದರು!

ಮರುದಿನ ಬೆಳಿಗ್ಗೆ ಎರಡೂ ಮನೆಯವರು ತೋಡಿಗಿಳಿದು ಮಾವನ ಕಟ್ಟವನ್ನು ಒಡೆಯುತ್ತಿದ್ದರು. ವರ್ಷಗಟ್ಟಲೆ ಮಾತು ಬಿಟ್ಟ ಯಜಮಾನರು ಕಲ್ಲನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. "ಹಿಡಿ ಮಾರಾಯ! ಕಾಲು ಜಾಗ್ರತೆ!" ಅದೇ ಕಲ್ಲುಗಳಿಂದ ಮೇಲಿನ ಮನೆಯ ಎದುರು ಒಂದೇ ಕಟ್ಟ ಹಾಕಿ, ಮಾವನ ಬೇಲಿ ಬದಿಯಲ್ಲೇ ಕೆಳಗಿನ ಮನೆಯವರೆಗೆ ಕಾಲುವೆ ತೋಡಿದರು.

"ನೋಡಿದೆಯಾ ನನ್ನ ಮಧ್ಯಸ್ಥಿಕೆ!" ಎಂದರು ಮಾವ. ಸ್ವರ ಮಾತ್ರ ಏಳಲಿಲ್ಲ.

ಬೇಲಿಯಾಚೆ ನೀರು ಹರಿಯುತ್ತಿತ್ತು. ಈಚೆ ಅವರ ಸಸಿಗಳು ಬಾಡಿದವು. ಕೇಳಲು ಅಭಿಮಾನ ಬಿಡಲಿಲ್ಲ. ಅತ್ತೆಯೂ ಅವರೂ ಬಾವಿಯಿಂದ ಕೊಡದಲ್ಲಿ ನೀರು ಹೊತ್ತರು. ದಣಿದ ಮಾವ ಆ ಕೈಯಿಲ್ಲದ ಕುರ್ಚಿಯಲ್ಲಿ ಒಬ್ಬರೇ ಕೂತಿರುತ್ತಿದ್ದರು.

ಒಂದು ಸಂಜೆ ತೋಟದೊಳಗೆ ಗುಳುಗುಳು ಸದ್ದಾಯಿತು. ಕಾಲುವೆಯ ಬದಿ ಕಡಿದು ಯಾರೋ ನೀರು ಬಿಟ್ಟಿದ್ದರು. ನೀರಿನ ಹಿಂದೆಯೇ ಕೆಸರುಗಾಲಿನ ಇಬ್ಬರು ಯಜಮಾನರು, ನಡುವೆ ಒಂದೇ ವೀಳ್ಯದ ಹರಿವಾಣ.

"ನೀನು ಒಣಗಿದರೆ ನಾವಿಬ್ಬರು ಸೇರಿ ಬಯ್ಯಲಿಕ್ಕೆ ಯಾರುಂಟು ಮಾರಾಯ?" ಎಂದರು ಮೇಲಿನ ಮನೆಯವರು.

ಮಾವ ಹರಿವಾಣವನ್ನೇ ನೋಡಿದರು. ಸೊಂಟದ ಚೀಲವನ್ನು ಮೆಲ್ಲನೆ ಬೆನ್ನ ಹಿಂದಕ್ಕೆ ಸರಿಸಿದರು. "ನನ್ನಲ್ಲಿ ಎಲೆ ಮುಗಿದದ್ದು," ಎನ್ನುತ್ತ ಹರಿವಾಣಕ್ಕೆ ಕೈ ಚಾಚಿದರು.

ಅಂದು ಬೆಳಿಗ್ಗೆಯಷ್ಟೇ ಆ ಚೀಲಕ್ಕೆ ಎಲೆ ತುಂಬಿದವರು ಅತ್ತೆ.