ಸ್ಟಾಫ್ ರೂಮಿಗೆ ಫ್ಯಾನ್ ಬಂದ ಕಥೆ

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಈ ಗಾದೆಯನ್ನು ಹದಿನೈದು ವರ್ಷದಿಂದ ಮಕ್ಕಳಿಗೆ ಕಲಿಸುತ್ತಿದ್ದೇನೆ. ನಾನು ಮಾತ್ರ ಕಲಿತಿಲ್ಲ!

ಗಡಿಯಾಚೆ, ತಮಿಳು ಸೀಮೆಯೊಳಗೆ, ಗುಮ್ಮಳಾಪುರದ ದಾರಿಯಲ್ಲಿರುವ ಒಂದು ಕನ್ನಡ ಶಾಲೆಯಲ್ಲಿ ನಾನು ಟೀಚರ್. ನಮ್ಮ ಸ್ಟಾಫ್ ರೂಮಿಗೆ ತಗಡಿನ ಸೂರು, ಫ್ಯಾನ್ ಇಲ್ಲ. ಏಪ್ರಿಲ್‌ನಲ್ಲಿ ಉತ್ತರ ಪತ್ರಿಕೆ ತಿದ್ದುವಾಗ ಕೆಂಪು ಶಾಯಿಗಿಂತ ಬೆವರೇ ಹೆಚ್ಚು ಬೀಳುತ್ತದೆ. ಇಂಥ ಹೊತ್ತಿನಲ್ಲಿ 'ಶಾಲೆಯ ಕೆಲಸದ ವಾತಾವರಣ ಹೇಗಿದೆ?' ಎಂದು ಶಿಕ್ಷಕರನ್ನು ಕೇಳುವ ಫಾರಂ ಶಿಕ್ಷಣ ಇಲಾಖೆಯಿಂದ ಬಂತು. ಉಳಿದವರೆಲ್ಲ 'ಚೆನ್ನಾಗಿದೆ' ಎಂದು ಗೀಚಿ ಊಟಕ್ಕೆ ಹೋದರು. ನಾನೊಬ್ಬಳೇ 'ಫ್ಯಾನ್ ಇಲ್ಲ, ಬೇಯುತ್ತಿದ್ದೇವೆ' ಎಂದು ಬರೆದು ದುಂಡಗೆ ಸಹಿ ಹಾಕಿದೆ.

ತಿಂಗಳೊಳಗೆ ಸುದ್ದಿ ಬಂತು. ದೂರು ನಿಜವೇ ಎಂದು ನೋಡಲು ಇಲಾಖೆಯ ಸಾಹೇಬರು ನಾಳೆಯೇ ಬರುತ್ತಾರೆ!

ಹೆಡ್‌ಮಾಸ್ಟರ್ ಕೈ ಹಿಸುಕಿಕೊಂಡರು. "ಟೀಚರಮ್ಮ, ದೊಡ್ಡೋರು ಬತ್ತಾವ್ರೆ. ಈ ಸೆಕೇಲಿ ಕೂರ್ಸಿದ್ರೆ ಚೆಂದಾಗಿರ್ತದಾ?"

"ಎಲ್ಲಾರ ಉಂಟಾ ಸಾರ್! ನಮ್ಮನೆ ಫ್ಯಾನ್ ತತ್ತೀನಿ" ಎಂದುಬಿಟ್ಟೆ. ಬಂದವರನ್ನು ಬೆವರಿಸಿ ಕಳಿಸುವುದು ನಮ್ಮ ಕಡೆಯ ಪದ್ಧತಿಯಲ್ಲ.

ಅವಲಪಲ್ಲಿಯ ನಮ್ಮ ಮನೆಯಲ್ಲಿದ್ದದ್ದು ಒಂದೇ ಟೇಬಲ್ ಫ್ಯಾನ್. ಬೆಳಿಗ್ಗೆ ಅದನ್ನು ಹಳೆ ಸೀರೆಯಲ್ಲಿ ಸುತ್ತುತ್ತಿದ್ದಾಗ, ಫ್ಯಾಕ್ಟರಿಯಲ್ಲಿ ನೈಟ್ ಶಿಫ್ಟ್ ಮುಗಿಸಿ ಬಂದ ಯಜಮಾನರು ಬಾಗಿಲಲ್ಲೇ ನಿಂತರು.

"ಫ್ಯಾನಿಲ್ಲ ಅಂತ ಬರ್ದೋಳೂ ನೀನೇ, ಫ್ಯಾನ್ ಹೊತ್ಕೊಂಡ್ ಹೋಗೋಳೂ ನೀನೇನಾ?"

"ಒಂದಿನ ಕಣ್ರೀ. ಸಂಜೀಕೆ ತತ್ತೀನಿ."

ಬಸ್ಸಿನಲ್ಲಿ ಇದ್ದದ್ದು ಒಂದೇ ಸೀಟು. ಫ್ಯಾನ್ ಕೂತಿತು, ನಾನು ನಿಂತೆ.

ಸಾಹೇಬರು ಬಂದು ಫ್ಯಾನಿನ ಎದುರೇ ಕೂತರು, ಎಳನೀರು ಕುಡಿದರು, ತಂಪಾಗಿ ನನ್ನ ದೂರನ್ನು ಓದಿದರು. ಆಮೇಲೆ ಫ್ಯಾನನ್ನು ನೋಡಿದರು. ಅದು ನನ್ನನ್ನು ಕಂಡೇ ಇಲ್ಲ ಎನ್ನುವಂತೆ ಅತ್ತಿತ್ತ ತಲೆಯಾಡಿಸಿತು.

"ಇದೇನ್ ಟೀಚರ್?"

"ಸಾರ್, ಅದು ನಮ್ಮನೇ..."

"ಸ್ಕೂಲ್ದೇ ಸಾರ್!" ಹೆಡ್‌ಮಾಸ್ಟರ್ ನಡುವೆ ಬಾಯಿ ಹಾಕಿದರು.

"ರೊಂಬ ಸಂತೋಷಂ" ಎಂದು ತಮಿಳಿನಲ್ಲೇ ಬಹಳ ಸಂತೋಷಪಟ್ಟ ಸಾಹೇಬರು, 'ಫ್ಯಾನ್ ಇದೆ, ವಾತಾವರಣ ತೃಪ್ತಿಕರ' ಎಂದು ವರದಿ ಬರೆದು ಅದಕ್ಕೂ ನನ್ನದೇ ಸಹಿ ಕೇಳಿದರು. ನಾಚಿಕೆಯಿಂದ ಭೂಮಿಗಿಳಿದು ಹೋದೆ. ಸಹಿ ಮಾತ್ರ ದುಂಡಗೇ ಬಂತು!

ಸಂಜೆ ಫ್ಯಾನ್ ಎತ್ತಿಕೊಳ್ಳಲು ಹೋದರೆ ಹೆಡ್‌ಮಾಸ್ಟರ್ ಅಡ್ಡ ನಿಂತರು. "ಐತೆ ಅಂತ ವರದೀಲಿ ಬರ್ಕೊಂಡೋಗವ್ರೆ ಟೀಚರಮ್ಮ. ನಾಳೆ ತಿರ್ಗಾ ಬಂದ್ರೆ ಏನ್ ತೋರ್ಸಾದು?"

ಈಗ ಸ್ಟಾಫ್ ರೂಮಿನಲ್ಲಿ ಗಾಳಿಗೆ ಕೊರತೆಯಿಲ್ಲ. ಮನೆಯಲ್ಲಿ ಯಜಮಾನರು ಹಗಲು ನಿದ್ದೆಗೆ ಮಲಗಿ, ಹಳೆ ಪ್ರಶ್ನೆಪತ್ರಿಕೆಯಲ್ಲಿ ಬೀಸಿಕೊಳ್ಳುತ್ತಾರೆ. ಮೊನ್ನೆ ಕೇಳಿದರು: "ಮನೆ ವಾತಾವರಣ ಎಂಗೈತೆ ಅಂತ ಕೇಳೋ ಫಾರಂ ಯಾವಾಗ್ ಬತ್ತದೆ ಕಣೇ?"

ಬರಲಿ. 'ಚೆನ್ನಾಗಿದೆ' ಎಂದು ಗೀಚಿ ಊಟಕ್ಕೆ ಹೋಗುತ್ತೇನೆ.