ಗೆರೆ ಕೆಳಗಿನ ಮನೆ

ಇಷ್ಟೆಲ್ಲ ರಾಮಾಯಣಕ್ಕೆ ಮೂಲ ಒಂದು ತಟ್ಟೆ ಬಳಚಿನ ಸುಕ್ಕ.

ನೆಲದ ಮಟ್ಟ ಅಳೆಯುವ ಲೆವಲ್ ಸಾಹೇಬರ ಜೊತೆ ಧಾರವಾಡದ ಕಡೆಯಿಂದ ಬಂದಿದ್ದ ಜವಾನ ಹುಟ್ಟಿದ ಮೇಲೆ ಬಳಚು ಎಂಬ ಹೊಳೆಯ ಚಿಪ್ಪುಮೀನು ಕಂಡವನೇ ಅಲ್ಲ. ಅಘನಾಶಿನಿ ಹೊಳೆದಂಡೆಯ ಆ ಕೇರಿಯಲ್ಲಿ ಈರನ ಹೆಂಡತಿ ಮಂಜಿ, ಪಾಪ ಪರವೂರಿನವ ಅಂತ ಒಂದು ರಾತ್ರಿ ಕರೆದು ಬಡಿಸಿದಳು. ಅವನು ಚಿಪ್ಪನ್ನೂ ಬಿಡದವನ ಹಾಗೆ ಮತ್ತೆ ಮತ್ತೆ ಹಾಕಿಸಿಕೊಂಡು ತಿಂದ. ಬೆಳಗಾಗುವಷ್ಟರಲ್ಲಿ ಚೆಂಬು ಹಿಡಿದು ಗಾಳಿಮರದ ತೋಪಿಗೆ ಹೋಗುವುದು, ಬರುವುದು, ಚೆಂಬು ಕೆಳಗಿಡುವ ಮೊದಲೇ ಮತ್ತೆ ಹೋಗುವುದು, ಇದೇ ಅವನ ಕೆಲಸವಾಯಿತು. ಸಾಹೇಬರು ನೇರ ಈರನ ಬಾಗಿಲಿಗೆ ಬಂದರು.

"ನಿನ್ನ ಹೇಂತಿ ನನ್ನ ಆಳು ಕೆಡಿಸ್ಯಾಳ. ಇವತ್ತು ಸ್ಟಾಫ್ ನೀನ ಹಿಡಿ."

ಸ್ಟಾಫ್ ಅಂದರೆ ಎರಡಾಳು ಎತ್ತರದ, ಕಪ್ಪು ಕೆಂಪು ಅಂಕಿ ಬರೆದ ಮರದ ಪಟ್ಟಿ. ಅದನ್ನು ಹೇಳಿದ ಜಾಗದಲ್ಲಿ ನೆಟ್ಟಗೆ ನಿಲ್ಲಿಸಬೇಕು. ದೂರದಲ್ಲಿ ಮೂರು ಕಾಲಿನ ಮೇಲೆ ಕೂತ ದುರ್ಬೀನಿನಿಂದ ಸಾಹೇಬರು ಆ ಅಂಕಿ ಓದಿ, ಎಲ್ಲಿ ನೆಲ ಎತ್ತರ, ಎಲ್ಲಿ ತಗ್ಗು ಅಂತ ಬರೆದುಕೊಳ್ಳುತ್ತಾರೆ. ಎಂತಕ್ಕೆ ಬರೆದುಕೊಳ್ಳುತ್ತಾರೆ ಅಂತ ಮಾತ್ರ ಕೇರಿಯ ಒಬ್ಬನಿಗೂ ಹೇಳಿರಲಿಲ್ಲ. ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂದರೂ ಆ ಪದ್ಧತಿ ಬದಲಾಗಿರಲಿಲ್ಲ. ಯಾರ ನೆಲ ಅಳೆಯುತ್ತಾರೋ ಅವನೊಬ್ಬನನ್ನು ಬಿಟ್ಟು ಉಳಿದವರಿಗೆಲ್ಲ ಸುದ್ದಿ ಗೊತ್ತಿರುತ್ತದೆ.

ಸರಕಾರ ಹೇಳದ್ದನ್ನು ಹೇಳಲಿಕ್ಕೆ ಪಕ್ಕದ ಮನೆಯ ಮಾಬ್ಲ ಇದ್ದ. ಮುಂಬೈಯ ಹೋಟೆಲಿನಲ್ಲಿ ಸ್ವಲ್ಪ ಕಾಲ ಲೋಟ ತೊಳೆದು ಬಂದವನು. ಆಮೇಲೆ ಲೋಕದಲ್ಲಿ ಅವನಿಗೆ ತಿಳಿಯದ್ದು ಎಂತದೂ ಉಳಿದಿರಲಿಲ್ಲ.

"ಈರಾ, ನಾ ಕಿವಿಯಾರೆ ಕೇಳ್ದೆ ಮಾರಾಯ. ಸಾಯ್ಬ್ರು ಜವಾನನ ಹತ್ರ ಹೇಳ್ತಿದ್ರು, ಗೆರೆ ಕೆಳಗಿನ ಮನೆ ಎಲ್ಲಾ ಬಿಡಬೇಕು ಅಂತ. ನೆರೆ ಬಂದ್ರೆ ನೀರು ಎಲ್ಲಿ ತನಕ ಮುಟ್ತದೆ, ಅಲ್ಲಿಗೊಂದು ಗೆರೆ ಎಳೀತ್ರಂತೆ. ಅದ್ರ ಕೆಳಗೆ ಬಿದ್ದವ್ರು ಮನೆ ಬಿಟ್ಟು ಗುಡ್ಡ ಹತ್ತೂದೇ."

ಈರ ತನ್ನ ಮನೆಯ ಕಡೆ ತಿರುಗಿ ನೋಡಿದ. ಅವನ ಅಪ್ಪ, ಅಜ್ಜ ಎಲ್ಲ ಸೋಗೆಯ ಮಾಡಿನ ಕೆಳಗೆ ಸತ್ತವರು. ಹೋದ ಬೇಸಿಗೆಯಲ್ಲಷ್ಟೇ ಅವನು ಮನೆಗೆ ಹಂಚು ಹೊದಿಸಿದ್ದ, ಕೇರಿಗೇ ಮೊದಲ ಹಂಚಿನ ಮನೆ. ಹಿತ್ತಿಲಲ್ಲೇ ದೋಣಿ ಕಟ್ಟುವ ಜಾಗ. ಗುಡ್ಡದ ಮೇಲೆ ಬರೀ ಮುರಕಲ್ಲು. ಅಲ್ಲಿ ದೋಣಿಯನ್ನು ಎಂತಕ್ಕೆ ಕಟ್ಟುವುದು, ಮೋಡಕ್ಕಾ? ಮಂಜಿಯಂತೂ ಒಂದೇ ಮಾತಿನಲ್ಲಿ ಮುಗಿಸಿದಳು.

"ಗುಡ್ಡಕ್ಕೆ ನೀವು ಹೋಗಿ. ನಾ ತದಡಿಗೆ ಹೋತೆ, ಅಪ್ಪನ ಮನೆಗೆ."

ಸಾಹೇಬರು ಚಾ ಕುಡಿಯಲು ಕೂತಾಗ ಈರ ಮೆಲ್ಲಗೆ ಹೋಗಿ ದುರ್ಬೀನಿಗೆ ಕಣ್ಣಿಟ್ಟ. ಇಟ್ಟವನು ಹಿಂದಕ್ಕೆ ಹಾರಿದ. ಅವನ ಮನೆ ಬಾವಲಿಯ ಹಾಗೆ ಜೋತುಬಿದ್ದಿತ್ತು. ಹಂಚು ಕೆಳಗೆ, ಅಂಗಳ ಮೇಲೆ. ಮಂಜಿ ತಲೆಕೆಳಗಾಗಿ ಕೊಡ ಹೊತ್ತು ನಡೆಯುತ್ತಿದ್ದಳು, ಒಂದು ಹನಿ ನೀರೂ ಚೆಲ್ಲುತ್ತಿರಲಿಲ್ಲ.

ಓಡಿಹೋಗಿ ಮಾಬ್ಲನಿಗೆ ಹೇಳಿದ. ಮಾಬ್ಲ ಕವಡೆ ಹಾಕಿ ಪ್ರಶ್ನೆ ಹೇಳುವ ಭಟ್ಟರ ಹಾಗೆ ಕಣ್ಣು ಮುಚ್ಚಿ ಕೂತು, ತೆರೆದ.

"ಗುಟ್ಟು ಅಲ್ಲೇ ಉಂಟು. ಅದ್ರಲ್ಲಿ ಮೇಲಿದ್ದದ್ದು ಕೆಳಗೆ ಕಾಣ್ತದೆ, ಕೆಳಗಿದ್ದದ್ದು ಮೇಲೆ ಕಾಣ್ತದೆ. ನಿನ್ನ ಮನೆ ಎತ್ತರ ಕಾಣ್ಬೇಕಾದ್ರೆ ಪಟ್ಟಿ ಹೊಂಡದಲ್ಲಿ ನಿಲ್ಸು."

ಸುತ್ತ ನಿಂತ ನಾಲ್ಕು ತಲೆ ಹೌದು ಹೌದು ಅಂತ ಆಡಿದವು. ನಾಲ್ಕು ತಲೆ ಆಡಿದ ಮೇಲೆ ಆ ಕೇರಿಯಲ್ಲಿ ಯಾರೂ ಇನ್ನೊಂದು ಪ್ರಶ್ನೆ ಕೇಳಿದ್ದಿಲ್ಲ.

ಬಾಗಿಲ ಪಕ್ಕದ ತೆಂಗಿನ ಬುಡದಲ್ಲಿ ಗೊಬ್ಬರ ಹಾಕುವ ಹೊಂಡವಿತ್ತು. ಈರ ಪಿಕಾಸಿ ತಂದು ಅದನ್ನು ಇನ್ನಷ್ಟು ತೋಡಿದ. ಸಾಹೇಬರು ದುರ್ಬೀನು ಅವನ ಮನೆಯ ಕಡೆ ತಿರುಗಿಸಿದಾಗ ಪಟ್ಟಿಯನ್ನು ಹೊಂಡಕ್ಕಿಳಿಸಿ, ಉಸಿರು ಬಿಗಿಹಿಡಿದು ನಿಂತ. ಸಾಹೇಬರು ಓದಿದರು. ಅವರ ಮುಖ ಹುಣಸೆಹಣ್ಣು ಕಚ್ಚಿದ ಹಾಗಾಯಿತು.

"ಏನಲೇ, ಮನಿ ಹೊಳ್ಯಾಗ ಕಟ್ಟೀ ಏನು? ಕೇರ್ಯಾಗ ಎಲ್ಲಾರಿಗಿಂತ ತಗ್ಗು."

ದುರ್ಬೀನಿನಲ್ಲಿ ಎಲ್ಲ ತಲೆಕೆಳಗಲ್ಲವಾ ಅಂತ ಈರ ತೊದಲಿದ. ತಲೆಕೆಳಗೆ ಕಂಡರೇನು, ನಾನು ಓದುವುದು ಅಂಕಿ, ಪಟ್ಟಿ ಕೆಳಗಿಳಿದಷ್ಟೂ ಅಂಕಿ ದೊಡ್ಡದು, ಅಂಕಿ ದೊಡ್ಡದಾದಷ್ಟೂ ನೆಲ ತಗ್ಗು ಅಂತ ಸಾಹೇಬರು ಬಿಡಿಸಿ ಹೇಳಿದರು. ಈರ ಮಾಬ್ಲನಿಗಾಗಿ ಸುತ್ತ ನೋಡಿದ. ಮಾಬ್ಲನಿಗೆ ಆಗಲೇ ಹೊಳೆಯ ಕಡೆ ಯಾವುದೋ ಕೆಲಸ ನೆನಪಾಗಿ ಹೋಗಿಯಾಗಿತ್ತು.

ಅದು ತೆಂಗಿನ ಹೊಂಡ, ಮನೆ ಇರುವುದು ಅಲ್ಲಲ್ಲ, ಇನ್ನೊಂದು ಸಲ ನೋಡಿ ಅಂತ ಈರ ಅಂಗಲಾಚಿದ. ನಿನಗೆ ತಲೆ ಐತೋ ಇಲ್ಲೋ ಅಂತ ಬೈಯುತ್ತಲೇ ಸಾಹೇಬರು ಒಪ್ಪಿದರು.

ಈ ಸಲ ಕೆಲಸ ಮಂಜಿಯ ಕೈಗೆ ಹೋಯಿತು. ಅವಳು ಅಂಗಳದ ಮುಂದೆ ಗಳ ನೆಟ್ಟು, ಬಲೆ ಒಣಗಿಸುವವಳ ಹಾಗೆ ಇಡೀ ಬಲೆ ಹರಡಿದಳು. ಅದರ ಮರೆಯಲ್ಲಿ ಒಳಗಿನಿಂದ ಅರೆಯುವ ಕಲ್ಲನ್ನು ಉರುಳಿಸಿಕೊಂಡು ಬಂದು ಬಾಗಿಲಲ್ಲಿ ಕವುಚಿದಳು. ಪಟ್ಟಿ ಅದರ ಮೇಲೆ ಏರಿತು. ಕೇರಿಯವರೆಲ್ಲ ಸುತ್ತ ನಿಂತು ನೋಡುತ್ತಿದ್ದರು. ತಿರುಗಿ ಬಂದಿದ್ದ ಮಾಬ್ಲ, ಕಲ್ಲು ಅಲ್ಲಾಡದಂತೆ ಕಾಲು ಕೊಟ್ಟು ನಿಂತಿದ್ದ.

ಸಾಹೇಬರು ಓದಿದರು. ಕಣ್ಣೊರೆಸಿಕೊಂಡು ಇನ್ನೊಮ್ಮೆ ಓದಿದರು. ಕುಮಟೆ ತಾಲೂಕಿಗೆ ಕಾಲಿಟ್ಟ ಮೇಲೆ ಮೊದಲ ಸಲ ನಕ್ಕರು.

"ಶಾಬಾಸ್. ಇಡೀ ಕೇರ್ಯಾಗ ಇದ ಎತ್ತರ."

ಈರನ ಎದೆ ಹಾಯಿಯ ಹಾಗೆ ಉಬ್ಬಿತು. ಮಾಬ್ಲನ ಮನೆಯೂ ಸೇರಿ ಉಳಿದವೆಲ್ಲ ಗೆರೆಯ ಕೆಳಗೆ ಅಂತ ಸಾಹೇಬರ ಬಾಯಿಂದಲೇ ಬಂತು. ಮಾಬ್ಲನ ಹೆಂಡತಿ ಆಗಲೇ ಪಾತ್ರೆ ಕಟ್ಟತೊಡಗಿದ್ದಳು. ಈರ ದೊಡ್ಡ ಮನಸ್ಸು ಮಾಡಿ, ಗುಡ್ಡದ ಮೇಲೆ ಬಿಡಾರ ಆಗುವ ತನಕ ನಮ್ಮ ಜಗಲಿಯಲ್ಲೇ ಇರಿ ಮಾಬ್ಲಣ್ಣ, ನಾವೆಂತ ಹೊರಗಿನವ್ರಾ ಅಂದ. ಅಂದಾಗ ಅವನಿಗಾದ ಸುಖ, ಹಂಚು ಹೊದಿಸಿದ ದಿನವೂ ಆಗಿರಲಿಲ್ಲ.

ಸಂಜೆ ಸಾಹೇಬರು ಎಲ್ಲರನ್ನೂ ಕರೆದು, ಕಾಗದ ಹಾಸಿ, ಪೆನ್ಸಿಲಿನಿಂದ ಸೊಟ್ಟಂಬಟ್ಟ ಗೆರೆ ಎಳೆದರು.

"ಈ ಗೆರಿ ಕೆಳಗಿನ ಮನಿ ಎಲ್ಲಾ ಬಿಡಬೇಕು."

ಹೆಂಗಸರು ಗೊಳೋ ಅಂದರು. ಸಾಹೇಬರು ಗಾಬರಿಯಾಗಿ ತಲೆ ಎತ್ತಿದರು.

"ಯಾಕ ಅಳ್ತೀರಿ? ನಿಮ್ಮನ್ನ ಬಿಟ್ಟೇವಿ ಅಂದ್ನಿ. ಅಲ್ಲಿ ನೆರಿ ನೀರು ಏರತೈತಿ, ರಸ್ತಾ ನಿಲ್ಲೂದಿಲ್ಲ. ಹೊಸಾ ರಸ್ತಾಕ್ಕ ಎತ್ತರದ ಜಾಗಾನ ಬೇಕು. ಗುಡ್ಡದ ಬುಡಕ್ಕ ಸುತ್ತು ಹಾಕಬೇಕಂತ ಮಾಡಿದ್ದೆ, ಪುಣ್ಯಾಕ್ಕ ಇಲ್ಲೇ ಸಿಕ್ತು."

ಪೆನ್ಸಿಲು ಕಾಗದದ ಮೇಲೆ ಈರನ ಜಗಲಿ ಹತ್ತಿ, ಒಲೆ ದಾಟಿ, ಹಿತ್ತಿಲಿನ ದೋಣಿಯ ಮೇಲೆ ಹಾದು ಹೋಯಿತು.

ಮೊದಲು ಅರ್ಥವಾದದ್ದು ಮಾಬ್ಲನಿಗೆ. "ಬಿಡೂದು ಅಂದ್ರೆ ನಾವು ಬಿಡೂದಲ್ಲ, ಅವ್ರು ಬಿಡೂದು," ಅಂತ ಅವನು ಎಲ್ಲರಿಗೂ ತಿಳಿಸಿ ಹೇಳಿದ, ಬೆಳಗಿನಿಂದ ಅದನ್ನೇ ಹೇಳುತ್ತ ಬಂದವನ ಹಾಗೆ.

ಈರ ಸಾಹೇಬರ ಕಾಲು ಹಿಡಿದ. ಪಟ್ಟಿ ಇದ್ದದ್ದು ನೆಲದ ಮೇಲಲ್ಲ, ಅರೆಯುವ ಕಲ್ಲಿನ ಮೇಲೆ ಅಂದ.

"ಆಗ ಹೊಂಡ ಅಂದಿ, ಈಗ ಕಲ್ಲು ಅಂತಿ. ರಸ್ತಾ ಬಂತಂದ್ರ ಎಲ್ಲಾರಿಗೂ ಏನೇನೋ ನೆನಪಾಗತೈತಿ."

ಬೇಕಾದರೆ ಇವರನ್ನೆಲ್ಲ ಕೇಳಿ ಅಂತ ಈರ ಕೇರಿಯವರ ಕಡೆ ಕೈ ತೋರಿಸಿದ. ಇನ್ನೊಮ್ಮೆ ಅಳೆದರೆ ಗೆರೆ ಯಾರ ಮನೆಯ ಕಡೆ ತಿರುಗುತ್ತದೋ ಯಾರಿಗೆ ಗೊತ್ತು? ಎಲ್ಲರೂ ಆಕಾಶದಲ್ಲಿ ಎಂತದೋ ಹುಡುಕತೊಡಗಿದರು. ಕಲ್ಲಿಗೆ ಕಾಲು ಕೊಟ್ಟು ನಿಂತಿದ್ದ ಮಾಬ್ಲ ಮೆತ್ತಗೆ ಕೇಳಿದ:

"ಕಲ್ಲಾ? ಯಾವ ಕಲ್ಲು, ಈರಾ?"

ಮಂಜಿ ತದಡಿಗೆ ಹೊರಡಲು ಗಂಟು ಕಟ್ಟುತ್ತಿದ್ದಳು. ಕಟ್ಟುತ್ತಲೇ, ಮಡಕೆಯಲ್ಲಿ ನಿನ್ನೆಯ ಬಳಚು ಇನ್ನೂ ಉಂಟು ಅಂದಳು. ಈರನ ತಲೆಯಲ್ಲಿ ದೀಪ ಹತ್ತಿತು: ಸಾಹೇಬರೂ ಚೆಂಬು ಹಿಡಿದರೆ ದುರ್ಬೀನು ಹಿಡಿಯುವವರು ಯಾರು? ಬಿಸಿ ಮಾಡಿ, ತಟ್ಟೆ ತುಂಬ ಬಡಿಸಿಕೊಂಡು, ಸಾಹೇಬರ ಬಿಡಾರಕ್ಕೆ ಓಡಿದ.

ಸಾಹೇಬರು ಮೂಗು ಮುಚ್ಚಿಕೊಂಡು ತಟ್ಟೆ ದೂರ ಸರಿಸಿದರು.

"ನಮ್ಮ ಮಂದಿ ಇದನ್ನೆಲ್ಲಾ ಮುಟ್ಟೂದಿಲ್ಲೋ ತಮ್ಮಾ. ಆ ಜವಾನ ಇನ್ನೂ ಎದ್ದಿಲ್ಲ, ನಾಳಿಗೂ ನೀನ ಬಾ. ನಿನ್ನ ಒಲಿಯಿಂದ ಚಾಲೂ ಮಾಡೂಣು. ಏನ ಅನ್ನು, ಸ್ಟಾಫ್ ಭಾಳ ನೆಟ್ಟಗ ಹಿಡೀತಿ."